ಗುಬ್ಬಿಯ ಪ್ರಾರ್ಥನೆ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ಸೊಸೆ ಕರೆದದ್ದನ್ನು ಕೇಳಿ ಕೇಳಿ ಒಗೆಯುವವರು, ಹಿಂಡುವವರು, ಗಾಡಿಗೆ ಹೇರುವವರು, ಎಲ್ಲರ ಬಾಯಿಗೂ ಅದೇ ಹತ್ತಿಬಿಟ್ಟಿತ್ತು. ಅವಳಿಗಿಂತ ವಯಸ್ಸಿನಲ್ಲಿ ಹಿರಿಯನಾದ ಮೇಸ್ತ್ರಿ ಕೂಡ, ಅಷ್ಟು ದೊಡ್ಡ ಬಿಳಿ ಮೀಸೆ ಹೊತ್ತುಕೊಂಡು, "ಅತ್ತೆ, ಆಸ್ಪತ್ರೆ ಗಂಟು ಬಂತು ನೋಡಿ" ಎನ್ನುತ್ತಿದ್ದ. "ನಿನಗೆ ಕೊಡೋಕೆ ನನ್ನ ಹತ್ರ ಮಗಳಿಲ್ಲಪ್ಪಾ, ಬೇರೆ ಮನೆ ನೋಡ್ಕೋ" ಎಂದು ಅವಳು ಒಮ್ಮೆ ಅಂದದ್ದಕ್ಕೆ ಇಡೀ ಲಾಂಡ್ರಿ ವಾರವೆಲ್ಲ ನಕ್ಕಿತ್ತು.

ಅತ್ತೆ ಸೊಸೆ ಇಬ್ಬರಿಗೂ ಒಂದೇ ಕೆಲಸ. ಉರುಳೆಯ ಇಸ್ತ್ರಿ ಯಂತ್ರದ ಬಾಯಿಂದ ಹಾಸಿಗೆ ಬಟ್ಟೆಗಳು ಹೊಗೆಯಾಡುತ್ತ ಹೊರಬೀಳುತ್ತವೆ. ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ಎರಡೆರಡು ಮೂಲೆ ಹಿಡಿದು ಒಮ್ಮೆ ಝಾಡಿಸಿ, ಬಿಗಿಯಾಗಿ ಎಳೆದು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಕೈಗೆ ಕೈ ತಾಗಿದಾಗ ಅತ್ತೆ ತನ್ನ ಮೂಲೆಗಳನ್ನು ಒಪ್ಪಿಸುತ್ತಾಳೆ, ಬಗ್ಗಿ ಕೆಳಗಿನ ಮಡಿಕೆ ಎತ್ತಿಕೊಳ್ಳುತ್ತಾಳೆ, ಮತ್ತೆ ಇಬ್ಬರೂ ಹಿಂದೆ ಸರಿಯುತ್ತಾರೆ. ಇದಕ್ಕೆ ಮಾತು ಬೇಕಿಲ್ಲ, ಎಣಿಕೆ ಬೇಕಿಲ್ಲ. "ಹಾವು ಮುಂಗುಸಿ ಆಗ್ಬೇಕಾದ ಸಂಬಂಧ. ಇವರು ನೋಡು, ಕುಣಿಯೋ ಜೋಡಿ ಇದ್ದ ಹಾಗಿದ್ದಾರೆ" ಎಂದು ಹಿಂಡುವ ಯಂತ್ರದವಳು ಹೊಟ್ಟೆಕಿಚ್ಚುಪಡುತ್ತಿದ್ದಳು. ಅವಳಿಗೂ ಒಬ್ಬ ಸೊಸೆಯಿದ್ದಳು, ಆ ಮನೆಯ ಪಾತ್ರೆಗಳು ಮಾತ್ರ ಕುಣಿಯುತ್ತಿದ್ದವು.

ಆ ಹೊಗಳಿಕೆ ಅತ್ತೆಗೆ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು. ಸೊಸೆ ತವರಿಲ್ಲದ ಹುಡುಗಿ, ಕನ್ಯಾಸ್ತ್ರೀಯರ ಅನಾಥಾಲಯದಲ್ಲಿ ಬೆಳೆದವಳು. "ಹೊಟ್ಟೇಲಿ ಹುಟ್ಟಲಿಲ್ಲ ಅನ್ನೋದು ಬಿಟ್ರೆ ನನ್ನ ಮಗಳೇ" ಎಂದು ಅತ್ತೆ ಕಂಡವರಿಗೆಲ್ಲ ಹೇಳುತ್ತಿದ್ದಳು. ಆದರೆ ಮಡಿಸುವವರ ಕಣ್ಣು ಯಾವಾಗಲೂ ಮೂಲೆಯ ಮೇಲಿರುತ್ತದೆ. ದಿನವಿಡೀ ಆ ಹುಡುಗಿಯ ಎದುರಿಗೇ ನಡೆದು ಬರುತ್ತಿದ್ದ ಅತ್ತೆ, ಆ ವರ್ಷ ಅವಳ ಮುಖವನ್ನು ಸರಿಯಾಗಿ ನೋಡಲೇ ಇಲ್ಲ.

ಇವರದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ನಡುವೆ ಒಂದು ಪರದೆ. ಹೋಟೆಲಿನವರು ಸಿಗರೇಟಿನಿಂದ ಸುಟ್ಟು ಬೇಡವೆಂದ ಬಟ್ಟೆಯಿಂದಲೇ ಮಾಡಿದ್ದು. ಪರದೆಯ ಆಚೆ ಮಗ, ಸೊಸೆ, ಕಿರಿಯ ಕೂಸು. ಈಚೆ ಅತ್ತೆ, ಮೊಮ್ಮಗಳು, ನಡುವಿನ ಮೊಮ್ಮಗ. ಮಗ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಹಿಂದಿನ ವರ್ಷ ನಿಂತಿದ್ದ ಸಾರುವೆಯ ಹಲಗೆ ಮುರಿದು ಬಿದ್ದು ಸೊಂಟ ಹೋಗಿತ್ತು. ಊರುಗೋಲು ಹಿಡಿದು ನಿಧಾನ ನಡೆದು ಅನ್ನ ಬೇಯಿಸುವಷ್ಟು ಶಕ್ತಿಯಿತ್ತು, ದುಡಿಯುವಷ್ಟು ಇರಲಿಲ್ಲ. ಹಾಗಾಗಿ ಮನೆಯ ಆರು ಹೊಟ್ಟೆಗಳೂ ಲಾಂಡ್ರಿಯ ಆ ಎರಡು ಜೊತೆ ಕೈಗಳಿಗೆ ಜೋತುಬಿದ್ದಿದ್ದವು. ಒಂದು ಜೊತೆ ಕೈ ನಿಂತರೆ ಬಾಡಿಗೆ ನಿಲ್ಲುತ್ತದೆ, ಬಾಡಿಗೆ ನಿಂತರೆ ಸಾಮಾನು ಬೀದಿಗೆ ಬರುತ್ತದೆ. ಇದು ಮನೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿ.

ಲಾಂಡ್ರಿಯಲ್ಲಿ ಬಸುರಿಯರನ್ನು ಇಟ್ಟುಕೊಳ್ಳುತ್ತಿರಲಿಲ್ಲ. "ಈ ಬಿಸಿಯಲ್ಲಿ ಹೊಟ್ಟೆಗೇನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎಂದು ಮೇಸ್ತ್ರಿ ಮೆತ್ತಗೆ ಹೇಳಿ ಮನೆಗೆ ಕಳಿಸುತ್ತಿದ್ದ. ಹೋದವರ ಜಾಗಕ್ಕೆ ಮರುದಿನವೇ ಬೇರೊಬ್ಬಳು ಬರುತ್ತಿದ್ದಳು. ಇನ್ನು ಬಸಿರು ಬೇಡವೆಂದವಳಿಗೆ ಆ ಊರಿನ ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ತೆಗೆದವರಿಗೂ ಜೈಲು, ತೆಗೆಸಿಕೊಂಡವಳಿಗೂ ಜೈಲು. ಹಣವಿದ್ದವರು ಎಲ್ಲಿಗೋ ಪ್ರವಾಸ ಹೋಗಿ ತೆಳ್ಳಗಾಗಿ ಬರುತ್ತಿದ್ದರು. ಇಲ್ಲದವರು ಎಲ್ಲಿಗೆ ಹೋಗುತ್ತಿದ್ದರೆಂದು ಎಲ್ಲ ಹೆಂಗಸರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅತ್ತೆ ಬಾಯಿ ಬಿಡುತ್ತಿದ್ದಳು. ಅವಳ ಮಾತು ಬೇರೆ ಕಡೆಯಿಂದ ಬರುತ್ತಿತ್ತು. ಅವಳ ತಾಯಿ ಅವಳನ್ನು ಹೊತ್ತಾಗ ಬೇಡವೆಂದು ಏನೇನೋ ಕುಡಿದಿದ್ದಳಂತೆ. ಜಗ್ಗದೆ ಹುಟ್ಟಿತಂತೆ ಈ ಕೂಸು. ದೊಡ್ಡವಳಾದ ಮೇಲೆ ತಾಯಿಯೇ ಅದನ್ನು ನಗುತ್ತ ಹೇಳಿದ್ದಳು, ಆದರೆ ಮಗಳಿಗೆ ನಗು ಬಂದಿರಲಿಲ್ಲ. "ನನ್ನನ್ನೂ ಬೇಡ ಅಂದಿದ್ರು. ನಾನಿಲ್ದೇ ಇದ್ದಿದ್ರೆ ಈ ಊರಿನ ಆಸ್ಪತ್ರೆ ಬಟ್ಟೆ ಯಾರು ಮಡಿಸ್ತಿದ್ರು ಹೇಳಿ?" ಎಂದು ಚರ್ಚಿನ ಹೆಂಗಸರ ಮುಂದೆ ತಮಾಷೆ ಮಾಡುತ್ತಿದ್ದಳು. ತಮಾಷೆಯ ಅಡಿಯಲ್ಲಿ ಗಟ್ಟಿಯಾದ ನಂಬಿಕೆಯಿತ್ತು. ಜೀವ ದೇವರದು, ಕೊಟ್ಟವನು ಅವನು, ಹಿಂದಕ್ಕೆ ಪಡೆಯುವವನೂ ಅವನೇ, ನಡುವೆ ಕೈ ಹಾಕಲು ನಾವು ಯಾರು? ಅದನ್ನು ಅವಳು ಯಾರಿಂದಲೂ ಎರವಲು ತಂದಿರಲಿಲ್ಲ. ತಾನು ಉಸಿರಾಡುತ್ತಿದ್ದೇನೆ ಎಂಬುದೇ ಅವಳಿಗೆ ಸಾಕ್ಷಿ.

ಅವರ ಚರ್ಚಿನಲ್ಲಿ ಮಡಿಲ ಹರಕೆ ಎಂಬ ಒಂದು ಪದ್ಧತಿಯಿತ್ತು. ಹುಟ್ಟುವ ಮೊದಲೇ ಕೊಲೆಯಾಗುವ ಅಪಾಯದಲ್ಲಿರುವ ಯಾವುದೋ ಒಂದು ಕೂಸನ್ನು, ಅದು ಎಲ್ಲಿಯದು, ಯಾರದು ಎಂದು ದೇವರಿಗೆ ಮಾತ್ರ ಗೊತ್ತಿರುವ ಕೂಸನ್ನು, ಪ್ರತಿ ಹೆಂಗಸೂ ತನ್ನ ಮಡಿಲಿಗೆ ಹಾಕಿಕೊಂಡು ಒಂಬತ್ತು ತಿಂಗಳು ದಿನಾ ಪ್ರಾರ್ಥಿಸಬೇಕು. ಅದಕ್ಕೊಂದು ಮುದ್ದಿನ ಹೆಸರಿಡಬೇಕು. ತಿಂಗಳು ತುಂಬಿದ ಮೇಲೆ ಪೀಠದ ಮುಂದೆ ತೊಟ್ಟಿಲು ಇಟ್ಟು, ಅದರ ತುಂಬ ಕೂಸಿನ ಬಟ್ಟೆ ತುಂಬಿ, ಬಡ ತಾಯಂದಿರಿಗೆ ಹಂಚುತ್ತಿದ್ದರು. ಇದಕ್ಕೆಲ್ಲ ಅತ್ತೆಯೇ ಮುಂದಾಳು. ಯಾರು ಹರಕೆ ತಪ್ಪಿಸಿದರು, ಯಾರ ಕೂಸಿಗೆ ಎಷ್ಟು ತಿಂಗಳು ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಆ ವರ್ಷ ತನ್ನ ಕೂಸಿಗೆ ಅವಳು ಗುಬ್ಬಿ ಎಂದು ಹೆಸರಿಟ್ಟಿದ್ದಳು.

ಪ್ರತಿ ಸಂಜೆ, ಕೆಲಸದಿಂದ ಬಂದು ಮುಖ ತೊಳೆದ ಮೇಲೆ, ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ಗುಬ್ಬಿಯ ಪ್ರಾರ್ಥನೆ. ಮೊಮ್ಮಗಳು, ಮೊಮ್ಮಗ ಅಕ್ಕಪಕ್ಕ ಮೊಣಕಾಲೂರುತ್ತಿದ್ದರು. ಸೊಸೆಗೆ ಆ ಹೊತ್ತಿಗೆ ಕಿರಿಯವನಿಗೆ ಹಾಲು ಕುಡಿಸುವ ಕೆಲಸ, ಅವಳು ಪರದೆಯ ಆಚೆ. ಅತ್ತೆಯದು ಲಾಂಡ್ರಿಯ ಗದ್ದಲದಲ್ಲಿ ಬೆಳೆದ ಗಂಟಲು, ಪಿಸುಮಾತು ಆ ಗಂಟಲಿಗೆ ಗೊತ್ತಿರಲಿಲ್ಲ.

"ದೇವರೇ, ನಿನಗೊಬ್ಬನಿಗೇ ಗೊತ್ತಿರುವ ಗುಬ್ಬಿ ಕತ್ತಲಲ್ಲಿದೆ. ಅದಕ್ಕೆ ಬಾಯಿಲ್ಲ, ನಾನೇ ಅದರ ಬಾಯಿ. ಕೈ ಮುಗಿಯೋ, ಮೂಗಲ್ಲೇನು ಬೆರಳು? ಹೊತ್ತವಳ ಕೈಯಿಂದಲೇ ಅದನ್ನು ಕಾಪಾಡು ತಂದೆ. ಆ ತಾಯಿಯ ಕಲ್ಲೆದೆಯನ್ನು ಕರಗಿಸು. ಅವಳು ಮಾಡಹೊರಟ ಪಾಪ ಅವಳ ಕಣ್ಣಿಗೆ ಕಾಣುವಂತೆ ಮಾಡು. ನಾಳೆಯ ಬೆಳಕಿಗೂ ಗುಬ್ಬಿ ಇರಲಿ. ಆಮೆನ್."

ಕೈ ಮುಗಿಯೋ ಎಂಬುದು ಪ್ರಾರ್ಥನೆಯ ಭಾಗವಲ್ಲ. ಆದರೆ ಮೊಮ್ಮಗನ ಬೆರಳು ಮೂಗಿಗೆ ಹೋಗುವುದು ದಿನಾ ಅಲ್ಲಿಗೇ ಆದ್ದರಿಂದ ಅದೂ ಸೇರಿಹೋಗಿತ್ತು.

ಹೀಗೆ ಮೂರು ತಿಂಗಳಾಗಿದ್ದಾಗ ಒಂದು ದಿನ ಸೊಸೆ ಬಟ್ಟೆ ಮಡಿಸುತ್ತ ಕೇಳಿದಳು, "ಅತ್ತೆ, ಆ ಗುಬ್ಬಿ ತಾಯಿ ಯಾಕೆ ಹಾಗೆ ಮಾಡೋಕೆ ಹೊರಟಿದ್ದಾಳೋ ಏನೋ. ಅವಳಿಗೂ ಮೂರು ಮಕ್ಕಳಿದ್ರೆ?"

"ಇದ್ರೇನು? ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?"

"ಹಾಗಲ್ಲ. ಗಂಡನಿಗೆ ಕೆಲಸ ಇಲ್ದೆ..."

"ಕಷ್ಟ ಯಾರಿಗಿಲ್ಲ ಕಣೇ? ನಮಗಿಲ್ವಾ?" ಮೂಲೆ ಕೂಡಿಸಿ ಒಪ್ಪಿಸುತ್ತ ಅತ್ತೆ ಅಂದಳು, "ಕಷ್ಟ ಅಂತ ಕರುಳು ಕಿತ್ತು ಬಿಸಾಡ್ತಾರಾ? ಅಂಥವಳು ಎದುರಿಗೆ ಬಂದ್ರೆ ನಾನಂತೂ ಮುಖ ಎತ್ತಿ ನೋಡಲ್ಲ."

"ಹೂಂ," ಅಂದಳು ಸೊಸೆ. ಮುಂದಿನ ಬಟ್ಟೆ ಯಂತ್ರದಿಂದ ಹೊರಬಂದಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆಗೆ ಅದು ಆ ದಿನದ ನೂರು ಮಾತಿನಲ್ಲಿ ಒಂದು ಮಾತು. ಅದೇ ವಾರ ಸೊಸೆ ಸೊರಗಿದ್ದಾಳೆ ಅನ್ನಿಸಿ ತನ್ನ ಪಾಲಿನ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿ, "ತಿನ್ನು, ನಿನಗೀಗ ಬೇಕು" ಅಂದಿದ್ದಳು. ಸೊಸೆ ಮೊಟ್ಟೆಯನ್ನೇ ನೋಡುತ್ತ ಕೂತಿದ್ದಳು. ಇನ್ನೊಂದು ದಿನ ತೊಟ್ಟಿಲಿಗೆಂದು ಹಳದಿ ಉಣ್ಣೆಯ ಕುಲಾವಿ ಹೆಣೆಯುತ್ತ ಕೂತಾಗ ಸೊಸೆ ಯಾರಿಗೆ ಎಂದು ಕೇಳಿದ್ದಳು. "ಯಾರಿಗೋ. ಅದರ ತಾಯಿಗೇ ಬೇಡವಾದ್ರೆ ನಾನಾದ್ರೂ ಹೆಣೀಬೇಕಲ್ಲ," ಅಂದಿದ್ದಳು ಅತ್ತೆ, ಸೂಜಿಯಿಂದ ಕಣ್ಣೆತ್ತದೆ.

ಹರಕೆಯ ಐದನೆಯ ತಿಂಗಳ ಒಂದು ಭಾನುವಾರ ಸೊಸೆ ತಲೆನೋವೆಂದು ಪೂಜೆಗೆ ಬರಲಿಲ್ಲ. ಅತ್ತೆ ಮಗನನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೋದಳು. ಅಂದು ಫಾದರ್ ಪ್ರವಚನದ ನಡುವೆ ಮಡಿಲ ಹರಕೆಯವರನ್ನು ಎದ್ದು ನಿಲ್ಲಲು ಹೇಳಿ, ಹೆಸರಿಲ್ಲದ ಕೂಸುಗಳಿಗೆ ಈ ತಾಯಂದಿರೇ ಬೇಲಿ ಎಂದು ಹೊಗಳಿದರು. ಮುಂದಿನ ಸಾಲಿನಲ್ಲಿ ನಿಂತಿದ್ದ ಅತ್ತೆಯ ಕಿವಿ ಬೆಚ್ಚಗಾಯಿತು. ಮನೆಗೆ ಬಂದಾಗ ಸೊಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ತಿಂಗಳಿನ ಹೊಟ್ಟೆನೋವು," ಅಂದಳು. ಬಚ್ಚಲಿನಲ್ಲಿ ಒಂದು ಬಕೀಟು ತುಂಬ ಬಟ್ಟೆ ನೆನೆಹಾಕಿತ್ತು, ತಣ್ಣೀರಿಗೆ ಉಪ್ಪು ಹಾಕಿ. ರಕ್ತದ ಕಲೆಗೆ ಬಿಸಿನೀರು ಮುಟ್ಟಿಸಬಾರದು, ಕಲೆ ಕಚ್ಚಿಕೊಳ್ಳುತ್ತದೆ ಎಂದು ಅವಳಿಗೆ ಕಲಿಸಿದ್ದವಳು ಅತ್ತೆಯೇ. ಪರವಾಗಿಲ್ಲ, ನೋವಿನಲ್ಲೂ ಮರೆತಿಲ್ಲ ಹುಡುಗಿ ಎಂದುಕೊಂಡು ಅತ್ತೆ ಅಡುಗೆಮನೆಗೆ ಹೋದಳು. ತಿಂಗಳಿಗೆ ಅಷ್ಟು ಬಟ್ಟೆ ಯಾಕೆ ಎಂದು ಅವಳು ಕೇಳಿಕೊಳ್ಳಲಿಲ್ಲ.

ಸೋಮವಾರ ಇಬ್ಬರೂ ಕೆಲಸಕ್ಕೆ ಹೋದರು. ಮಂಗಳವಾರವೂ ಹೋದರು. ಮಂಗಳವಾರ ಮಧ್ಯಾಹ್ನ ಮೂಲೆಗಳು ಕೂಡಲಿಲ್ಲ.

ಮೊದಲು ಒಂದು ಬೆರಳಿನಷ್ಟು, ಆಮೇಲೆ ಒಂದು ಗೇಣು. "ಎಲ್ಲೇ ನಿನ್ನ ಗಮನ?" ಎಂದು ಅತ್ತೆ ಗದರಿ, ಮೂಲೆ ಸರಿಪಡಿಸಲು ಸೊಸೆಯ ಕೈ ಹಿಡಿದಳು. ಬಟ್ಟೆ ಆಗತಾನೆ ಯಂತ್ರದಿಂದ ಬಂದದ್ದು. ಆ ಕೈ ಅದಕ್ಕಿಂತ ಬಿಸಿಯಾಗಿತ್ತು. ಅತ್ತೆ ಆಗ ಕಣ್ಣೆತ್ತಿ ನೋಡಿದಳು. ಬೂದಿ ಬಣ್ಣಕ್ಕೆ ತಿರುಗಿದ ಮುಖ, ಒಡೆದ ತುಟಿ, ಗುಳಿಬಿದ್ದ ಕಣ್ಣು. ಹಬೆಯ ವಾಸನೆಯ ನಡುವೆ ಇನ್ನೊಂದು ವಾಸನೆ. ಆಸ್ಪತ್ರೆಯ ಗಂಟು ಬಿಚ್ಚಿ ಬಿಚ್ಚಿ ಅದು ಅವಳಿಗೆ ಪರಿಚಿತ. ಬಕೀಟು, ಉಪ್ಪು ನೀರು, ಭಾನುವಾರದ ತಲೆನೋವು, "ಅವಳಿಗೂ ಮೂರು ಮಕ್ಕಳಿದ್ರೆ" ಎಂದ ಮಾತು, ಎಲ್ಲ ಒಟ್ಟಿಗೆ ಬಂದು ಅವಳ ಎದೆಯ ಮೇಲೆ ಕೂತವು. ಅತ್ತೆಗೆ ಗೊತ್ತಾಯಿತು.

ಕೇಳಿ, ಇದು ಅವಳ ತಪ್ಪಿನ ನಡುಮಧ್ಯೆ ಇರುವ ಭಾಗ. ಗೊತ್ತಾದ ಮೇಲೂ ಅವಳು ಸುಮ್ಮನಿದ್ದಳು.

ಬಾಯಿ ತೆರೆದರೆ ಕೊಲೆ ಎಂಬ ಆ ಪದ ತನ್ನ ಮನೆಗೆ ಬರುತ್ತದೆ. ಮಡಿಲ ಹರಕೆಯ ಮುಂದಾಳಿನ ಮನೆಯಲ್ಲಿ! ಪೊಲೀಸರು ಬರುತ್ತಾರೆ. ಮಗ ಏನು ಮಾಡುತ್ತಾನೋ. ಫಾದರ್ ಏನೆಂದಾರು. ಇಲ್ಲ, ಇದು ಬರೀ ಜ್ವರ, ಗಾಳಿ ಹೊಡೆದಿದೆ, ನಾಳೆ ಇಳಿಯುತ್ತದೆ. "ಜ್ವರದ ಮಾತ್ರೆ ತಗೋ, ಮನೆಗೆ ಹೋಗಿ ಮಲಗು. ನಾನು ಮೇಸ್ತ್ರಿಗೆ ಹೇಳ್ತೀನಿ," ಎಂದಳು. ಅವಳ ದನಿ ಸರಿಯಾಗಿಯೇ ಇತ್ತು, ಅದೇ ನಾಚಿಕೆಗೇಡು. ಉಳಿದ ಹೊತ್ತು ಹಿಂಡುವ ಯಂತ್ರದವಳು ಬಂದು ಎದುರಿಗೆ ನಿಂತಳು. ಮೂಲೆಗಳು ಸೊಟ್ಟಸೊಟ್ಟಗೆ ಬಂದವು, ಅತ್ತೆ ಬೈಯಲಿಲ್ಲ.

ಸಂಜೆ ಮನೆಗೆ ಬಂದು ಮುಖ ತೊಳೆದಳು. ಅನ್ನ ಕುದಿಯುತ್ತಿತ್ತು. ಮಕ್ಕಳು ಆಗಲೇ ಮೊಣಕಾಲೂರಿ ಕಾಯುತ್ತಿದ್ದರು. ಇವತ್ತು ಬೇಡ ಎಂದರೆ ಯಾಕೆ ಎನ್ನುತ್ತಾರೆ. ಅತ್ತೆ ಮೊಣಕಾಲೂರಿದಳು, ಬಾಯಿ ತಾನಾಗಿಯೇ ತೆರೆಯಿತು. ದೇವರೇ, ನಿನಗೊಬ್ಬನಿಗೇ ಗೊತ್ತಿರುವ ಗುಬ್ಬಿ ಕತ್ತಲಲ್ಲಿದೆ. ಹಾಗೆ ಹೇಳುತ್ತಿರುವಾಗಲೇ, ಗುಬ್ಬಿ ಇನ್ನು ಎಲ್ಲೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಬೇರೆಯವರನ್ನು ಎಷ್ಟು ಸಲ ಆಡಿಕೊಂಡಿದ್ದಳು. ಆದರೂ ನಿಲ್ಲಿಸಲಿಲ್ಲ. ಆ ತಾಯಿಯ ಕಲ್ಲೆದೆಯನ್ನು ಕರಗಿಸು, ಎಂದಿನಷ್ಟೇ ಗಟ್ಟಿಯಾಗಿ, ಆಮೆನ್‌ವರೆಗೆ. ಪರದೆಯ ಆಚೆ ಯಾರದೋ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು.

ಬೆಳಗ್ಗೆ ಸೊಸೆ ಏಳಲಿಲ್ಲ. ಪಕ್ಕದ ಮನೆಯ ತಳ್ಳುಗಾಡಿಯವನು ಗಾಡಿಯಲ್ಲಿದ್ದ ತರಕಾರಿ ಇಳಿಸಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಳ್ಳಿದ. ಮಗ ಊರುಗೋಲಿನಲ್ಲಿ ಕುಪ್ಪಳಿಸುತ್ತ ಹಿಂದೆ ಬಂದ.

ಡಾಕ್ಟರಮ್ಮ ಸೊಸೆಯ ಹೊಟ್ಟೆ ಮುಟ್ಟಿ ನೋಡಿದರು. ಏನಾಯಿತೆಂದು ಕೇಳಿದರೆ ಸೊಸೆ, "ಬಿದ್ದೆ, ಮೆಟ್ಟಿಲಿಂದ" ಎಂದಳು. ಮತ್ತೆ ಕೇಳಿದರೂ ಅದನ್ನೇ ಅಂದಳು. ಡಾಕ್ಟರಮ್ಮ ಅತ್ತೆಯನ್ನು ಬಾಗಿಲ ಬಳಿಗೆ ಕರೆದರು.

"ನೋಡಿಯಮ್ಮ, ಇದು ಬಿದ್ದಿದ್ದಲ್ಲ. ಯಾರು ಏನು ಮಾಡಿದಾರೆ ಅಂತ ಗೊತ್ತಾದ್ರೆ ನಾನು ಬೇಗ ಕೈ ಹಾಕಬಹುದು. ಇಲ್ಲದಿದ್ರೆ ಹುಡುಕ್ತಾ ಕೂರಬೇಕು, ಅಷ್ಟು ಹೊತ್ತು ಈ ಹುಡುಗಿ ಹತ್ರ ಇಲ್ಲ. ಇನ್ನೊಂದು ಮಾತು, ನಿಮ್ಮಿಂದ ಮುಚ್ಚಿಡಲ್ಲ. ಹೇಳಿದ್ರೆ ನಾನು ಪೊಲೀಸರಿಗೆ ತಿಳಿಸಲೇಬೇಕು."

ಅತ್ತೆ ಮಂಚದ ಬಳಿ ಹೋಗಿ ಬಗ್ಗಿದಳು. "ಮಗಳೇ, ಯಾರ ಹತ್ರ ಹೋಗಿದ್ದೆ? ಏನು ಮಾಡಿದ್ಲು?"

ಸೊಸೆ ಕಣ್ಣು ತೆರೆದು ಅವಳನ್ನು ನೋಡಿದಳು. "ನಿಮಗೆ ಗೊತ್ತಲ್ಲ ಅತ್ತೆ," ಎಂದಳು.

"ಅವಳು ಯಾರು ಹೇಳೇ, ತಾಯಿ."

"ಚಪ್ಪಲಿ ಅಂಗಡಿ ಮಹಡಿ ಮೇಲೆ. ಏನೋ ಒಳಗೆ ಹಾಕಿದ್ಲು. ಅದು ಪೂರ್ತಿ ಹೊರಗೆ ಬರಲಿಲ್ಲ. ಅವರಿಗೆ ಹೇಳ್ಬೇಡಿ." ಅವರಿಗೆ ಎಂದದ್ದು ಗಂಡನಿಗೆ. ಅವನು ಬಾಗಿಲಲ್ಲೇ ನಿಂತಿದ್ದ.

ಅತ್ತೆ ಡಾಕ್ಟರಮ್ಮನ ಬಳಿಗೆ ಬಂದಳು. ಆ ನಾಲ್ಕು ಹೆಜ್ಜೆಯಲ್ಲಿ ಅವಳು ಏನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಬಹುಶಃ ಹೇಳುತ್ತಿರಲಿಲ್ಲ.

"ನಾನೇ ಕರ್ಕೊಂಡು ಹೋಗಿದ್ದೆ," ಅಂದಳು, ಲಾಂಡ್ರಿಯ ಗಂಟಲಿನಲ್ಲಿ, ಮಗನಿಗೂ ಕೇಳುವಂತೆ. "ಚಪ್ಪಲಿ ಅಂಗಡಿ ಮೇಲಿನವಳ ಹತ್ರ. ಇವಳು ಬೇಡ ಬೇಡ ಅಂದ್ಲು. ನಾಲ್ಕನೇದಕ್ಕೆ ಎಲ್ಲಿಂದ ತರ್ತೀಯ ಅಂತ ನಾನೇ ಎಳ್ಕೊಂಡು ಹೋದೆ. ಒಳಗೆ ಏನೋ ಉಳಿದಿದೆ. ಭಾನುವಾರ ಆಗಿದ್ದು. ಬೇಗ ನೋಡಿ."

ಭಾನುವಾರ ತಾಯಿ ಚರ್ಚಿನ ಮುಂದಿನ ಸಾಲಿನಲ್ಲಿ ಎದ್ದು ನಿಂತದ್ದನ್ನು ಮಗ ಕಣ್ಣಾರೆ ಕಂಡಿದ್ದ. ಆದರೆ ಆ ಗಳಿಗೆಯಲ್ಲಿ ಯಾರಿಗೆ ನೆನಪಾಗುತ್ತದೆ? ಅವನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮಂಚದ ಮೇಲಿಂದ ಸೊಸೆ, ಇಲ್ಲ, ಇಲ್ಲ ಎಂದಂತಾಯಿತು. ಅಷ್ಟರಲ್ಲಿ ಅವಳ ಮಂಚವನ್ನು ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೊರಟಿದ್ದರು.

ಸೊಸೆ ಬದುಕಿದಳು. ಗರ್ಭಕೋಶ ಉಳಿಯಲಿಲ್ಲ, ಜೀವ ಉಳಿಯಿತು.

ಪೊಲೀಸಿನವನು ಬಂದು ಅತ್ತೆಯ ಹೇಳಿಕೆ ಬರೆದುಕೊಂಡು ಹೋದ. ಭಾನುವಾರ ನಸುಕಿನಲ್ಲೇ, ಪೂಜೆಗೆ ಮುಂಚೆ ಕರೆದೊಯ್ದಿದ್ದೆ ಎಂದು ಅವಳು ಬರೆಸಿದಳು, ಮಗನೂ ಊರವರೂ ನಂಬಿದರು. ಕೋರ್ಟಿನಿಂದ ಕರೆ ಬರುತ್ತದೆ, ಊರು ಬಿಟ್ಟು ಹೋಗಬೇಡಿ ಎಂದ. "ಹೋಗೋಕೆ ಬೇರೆ ಊರಿದ್ರೆ ಯಾವತ್ತೋ ಹೋಗ್ತಿದ್ದೆ," ಅಂದಳು ಅತ್ತೆ. ಚಪ್ಪಲಿ ಅಂಗಡಿಯ ಮಹಡಿಗೆ ಬೀಗ ಬಿದ್ದಿತ್ತು, ಅಲ್ಲಿದ್ದವಳು ಎಲ್ಲಿ ಹೋದಳೆಂದು ಯಾರಿಗೂ ತಿಳಿಯಲಿಲ್ಲ. ಲಾಂಡ್ರಿಯಲ್ಲಿ ಅತ್ತೆಯನ್ನು ಅತ್ತೆ ಎನ್ನುವುದನ್ನು ಒಂದೇ ದಿನದಲ್ಲಿ ಎಲ್ಲರೂ ಬಿಟ್ಟರು. "ಏನಮ್ಮಾ" ಎನ್ನತೊಡಗಿದರು. ಮಡಿಲ ಹರಕೆಯ ಇಬ್ಬರು ಹೆಂಗಸರು ಮನೆಗೆ ಬಂದು, ನೀರು ಕೂಡ ಕುಡಿಯದೆ, ಅವಳು ಹೆಣೆದು ಕೊಟ್ಟಿದ್ದ ಹಳದಿ ಕುಲಾವಿಯನ್ನು ತೊಟ್ಟಿಲಿಗೆ ಬೇಡವೆಂದು ಬಾಗಿಲಲ್ಲಿ ಇಟ್ಟುಹೋದರು. ಮಗ ತಾಯಿಯೊಡನೆ ಮಾತು ಬಿಟ್ಟ. ಅತ್ತೆ ಇದನ್ನೆಲ್ಲ ತಲೆ ತಗ್ಗಿಸಿ ತೆಗೆದುಕೊಂಡಳು. ಒಳಗೊಳಗೆ ಒಂದು ಸಮಾಧಾನವೂ ಇತ್ತು, ಸುಳ್ಳೇಕೆ. ಸೊಸೆಗಾಗಿ ತಾನು ಇಷ್ಟಾದರೂ ಮಾಡಿದೆ ಎಂಬ ಸಮಾಧಾನ. ಅದು ಉಳಿದದ್ದು ಸೊಸೆ ಮಾತಾಡುವಷ್ಟು ಚೇತರಿಸಿಕೊಳ್ಳುವ ತನಕ.

ವಾರ್ಡಿನಲ್ಲಿ ಸಂದರ್ಶಕರ ಹೊತ್ತು. ಸೊಸೆ ಮಲಗಿದ್ದ ಹಾಸಿನ ಮೂಲೆಯಲ್ಲಿ ಅವರ ಲಾಂಡ್ರಿಯ ಗುರುತು ಇತ್ತು. ತಾವೇ ಮಡಿಸಿದ್ದಿರಬೇಕು. ಅತ್ತೆ ಆ ಮೂಲೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸುತ್ತಿದ್ದಳು.

"ಯಾಕೆ ಹಾಗೆ ಹೇಳಿದ್ರಿ ಅತ್ತೆ?" ಸೊಸೆ ಕೇಳಿದಳು.

"ನಿನ್ನನ್ನು ಜೈಲಿಗೆ ಹಾಕ್ಲಿ ಅಂತ ಬಿಡೋಕಾಗುತ್ತಾ? ನನ್ನ ಮಗನ ಕೋಪ ನನಗೆ ಗೊತ್ತು. ಅಮ್ಮನ ಜೊತೆ ಮಾತು ಬಿಡ್ತಾನೆ, ಹೆಂಡತೀನಾದ್ರೆ ಮನೇನೇ ಬಿಡಿಸ್ತಾನೆ."

ಸೊಸೆ ಅವಳ ಕಡೆ ತಿರುಗಿದಳು. "ಮೊದಲೇ ಗೊತ್ತಿತ್ತಲ್ಲ ನಿಮಗೆ. ಎದುರಿಗೆ ಕೂರಿಸ್ಕೊಂಡು ಬೈದಿದ್ರೂ ಆಗ್ತಿತ್ತು. ದಿನಾ ಸಂಜೆ ಯಾರಿಗೋ ಅಂದ ಹಾಗೆ ನನಗೆ ಅಂತಿದ್ರಿ."

"ನಿನಗೆ ಏನಂದೆ?"

"ಕಲ್ಲೆದೆ ಅಂದ್ರಿ. ಹೊತ್ತವಳ ಕೈಯಿಂದ ಕಾಪಾಡು ಅಂದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ದಿನ ಯೋಚಿಸಿ ಮುಗಿಸಿದ ಸಂಗತಿಯನ್ನು ಹೇಳುವಂತೆ ಹೇಳಿದಳು. "ನನಗೆ ಮುಟ್ಟು ನಿಂತ ಮೊದಲ ತಿಂಗಳಲ್ಲೇ ನಿಮಗೆ ತಿಳೀತು ಅಂದ್ಕೊಂಡೆ. ಬಟ್ಟೆ ನೋಡಿದ್ರೆ ನಿಮಗೆ ತಿಳಿಯದೇ ಇರುತ್ತಾ? ಅದಕ್ಕೇ ಒಂದು ಸಲ ಬಾಯಿ ಬಿಟ್ಟೆ. ಅಂಥವಳ ಮುಖ ನೋಡಲ್ಲ ಅಂದ್ರಿ. ಅವತ್ತಿಂದ ನೋಡಲೂ ಇಲ್ಲ. ಆಮೇಲೆ ಮೊಟ್ಟೆ ಹಾಕಿದ್ರಿ, ನಿನಗೀಗ ಬೇಕು ಅಂತ. ಕುಲಾವಿ ಹೆಣೆದ್ರಿ. ಇಟ್ಕೊಳ್ಳಲೇಬೇಕು ಅಂತ ಹೇಳ್ತಿದಾರೆ, ಆದರೆ ಹೇಗೆ ಅಂತ ಹೇಳ್ತಿಲ್ಲ ಅನ್ನಿಸ್ತು. ಕೇಳೋಕೆ ಹೋದ್ರೆ ಹೊರಗೆ ಹಾಕ್ತೀರಿ ಅನ್ನಿಸ್ತು. ನನಗೆ ಹೋಗೋಕೆ ತವರಿಲ್ಲ."

ಅತ್ತೆ ಮೂಲೆ ಸಿಕ್ಕಿಸುವುದನ್ನು ನಿಲ್ಲಿಸಿದಳು. "ನನಗೆ ಗೊತ್ತಿರಲಿಲ್ಲ ಕಣೇ," ಅಂದಳು. "ನಿನ್ನಾಣೆ, ಗೊತ್ತಿರಲಿಲ್ಲ. ಆ ಪ್ರಾರ್ಥನೆ ಯಾರದೋ ಕೂಸಿಗೆ. ಎಲ್ಲೋ ಇರೋ ಕೂಸಿಗೆ. ನನಗೆ ಗೊತ್ತಾಗಿದ್ದು ಮಂಗಳವಾರ, ನಿನ್ನ ಕೈ ಹಿಡಿದಾಗ."

ಸೊಸೆ ಅವಳ ಮುಖವನ್ನೇ ನೋಡಿದಳು. ಇದು ನಿಜವೆಂದು ಅವಳಿಗೆ ತಿಳಿದ ಗಳಿಗೆ ಅತ್ತೆಗೂ ಕಂಡಿತು. ಸೊಸೆಯ ಮುಖ ಚಿಕ್ಕ ಹುಡುಗಿಯ ಮುಖದಂತೆ ಮುದುಡಿತು.

"ಹಾಗಾದ್ರೆ ನಾನು ಹೇಳ್ಬಹುದಿತ್ತಾ?"

ಅತ್ತೆ ಹಾಸಿನ ಸುಕ್ಕು ಸವರಿದಳು.

"ಹೇಳಿದ್ರೆ ಏನು ಮಾಡ್ತಿದ್ರಿ ಅತ್ತೆ?"

ನಿನ್ನನ್ನು ತಬ್ಬಿಕೊಳ್ಳುತ್ತಿದ್ದೆ ಎನ್ನಬಹುದಿತ್ತು. ಅದನ್ನೇ ಹೇಳಲು ಹೊರಟಳು, ಆದರೆ ಒಂದು ಸುಳ್ಳಿನ ಭಾರವೇ ಸಾಕಾಗಿತ್ತು. "ತಡೀತಿದ್ದೆ," ಅಂದಳು. "ಕೂಡಿಹಾಕಿ ಆದ್ರೂ ತಡೀತಿದ್ದೆ."

"ಆಮೇಲೆ?"

"ದೇವರು ನೋಡ್ಕೊಳ್ತಾನೆ ಅಂತಿದ್ದೆ."

"ಆಮೇಲೆ?"

ಆಮೇಲೆ ಏನೆಂದು ಅತ್ತೆ ಯಾವತ್ತೂ ಯೋಚಿಸಿರಲಿಲ್ಲ. ಅಷ್ಟರಲ್ಲಿ ಹೊತ್ತಾಯಿತೆಂದು ನರ್ಸು ಬಂದು ಎಲ್ಲರನ್ನೂ ಹೊರಗೆ ಕಳಿಸಿದಳು.

ಶನಿವಾರ ಅತ್ತೆ ಪಾಪನಿವೇದನೆಗೆ ಹೋದಳು. ಜಾಲರಿಯ ಆಚೆ ಫಾದರ್ ಇದ್ದರು. ಮೆದು ಮನಸ್ಸಿನವರು. ಊರೆಲ್ಲ ಏನೆಂದರೂ ಅವಳ ಬಗ್ಗೆ ಒಂದು ಕೆಟ್ಟ ಮಾತಾಡಿರಲಿಲ್ಲ.

"ಫಾದರ್, ನಾನು ಸುಳ್ಳು ಹೇಳಿದೀನಿ. ಸೊಸೇನ ನಾನು ಕರ್ಕೊಂಡು ಹೋಗಿದ್ದೆ ಅಂದೆ. ಹೋಗಿರಲಿಲ್ಲ."

ಫಾದರ್ ಜಾಲರಿಯ ಹತ್ತಿರಕ್ಕೆ ಬಗ್ಗಿದರು. "ದೇವರಿಗೆ ಸ್ತೋತ್ರ. ಹಾಗಾದ್ರೆ ನೀವು ಆ ಪಾಪ ಮಾಡಿಲ್ಲ."

"ಮಾಡಿದೀನಿ. ಕರ್ಕೊಂಡು ಹೋಗಲಿಲ್ಲ, ಕಳಿಸಿದೆ." ಅವಳು ಪರದೆಯ ಸಂಗತಿ ಹೇಳಿದಳು.

"ಅಮ್ಮಾ, ನೀವು ಮಾಡಿದ್ದು ಪ್ರಾರ್ಥನೆ. ನಿಮ್ಮ ಸೊಸೆ ತಪ್ಪು ತಿಳ್ಕೊಂಡ್ರು. ಅದು ಪಾಪ ಅಲ್ಲ."

"ಮಂಗಳವಾರದ್ದು?" ಅತ್ತೆ ಕೇಳಿದಳು. "ಮಂಗಳವಾರ ಗೊತ್ತಿತ್ತು ಫಾದರ್. ಪರದೆ ಆಚೆ ಹುಡುಗಿ ಸಾಯ್ತಿದ್ದಾಳೆ ಅಂತ ಗೊತ್ತಿದ್ದೂ, ಅವಳಿಗೆ ಕೇಳೋ ಹಾಗೆ, ಕಲ್ಲೆದೆ ಅಂದೆ. ಯಾಕೆ ಅಂದ್ರೆ ಮಕ್ಕಳು ಕಾಯ್ತಾ ಇದ್ರು. ಆ ರಾತ್ರಿ ಆಸ್ಪತ್ರೆಗೆ ಹೋಗಿದ್ರೆ ಅವಳ ಗರ್ಭಕೋಶ ಉಳೀತಿತ್ತು ಅಂತ ಡಾಕ್ಟರಮ್ಮ ಅಂದ್ರು. ಜೀವ ದೊಡ್ಡದು ಅಂತ ಊರಿಗೆಲ್ಲ ಹೇಳ್ತಿದ್ದೆ. ಅವಳದ್ದು ಜೀವ ಅಂತ ಹೊಳೀಲಿಲ್ಲ."

ಜಾಲರಿಯ ಆಚೆ ಫಾದರ್ ಉಸಿರೆಳೆದುಕೊಂಡರು. ಕಡೆಗೆ ಕ್ಷಮೆಯ ಮಾತು ಹೇಳಿದರು. ಪ್ರಾಯಶ್ಚಿತ್ತಕ್ಕೆಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಂದು ಕೆಲಸ ಕೊಟ್ಟರು. "ಹಿಡಿದ ಹರಕೆ ನಡುವೆ ಬಿಡಬೇಡಿ. ಉಳಿದ ತಿಂಗಳು ಆ ಪ್ರಾರ್ಥನೆ ಮುಗಿಸಿ. ಎಂದಿನ ಹಾಗೇ."

ಸೊಸೆ ಮನೆಗೆ ಬಂದ ದಿನ ಅತ್ತೆ ಪರದೆ ತೆಗೆದುಹಾಕಲು ಹೋದಳು. ಬೇಡ, ಗಾಳಿ ಬರುತ್ತದೆ, ಇರಲಿ ಎಂದಳು ಸೊಸೆ.

ಸಂಜೆಯಾಯಿತು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಮಗ ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತಿದ್ದ. ಅತ್ತೆ ಮೂಲೆಯಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿದಳು. ತುಟಿ ಕೂಡ ಅಲುಗಿಸದೆ ಮನಸ್ಸಿನಲ್ಲೇ ಹೇಳಿ ಮುಗಿಸಿಬಿಡೋಣ ಎಂದುಕೊಂಡಿದ್ದಳು. ಎರಡು ಚಿಕ್ಕ ಮೈಗಳು ಅಕ್ಕಪಕ್ಕ ಬಂದು ಕೂತವು.

"ಅಜ್ಜಿ, ಗಟ್ಟಿಯಾಗಿ ಹೇಳು," ಮೊಮ್ಮಗಳು ಮೊಣಕೈಯಿಂದ ತಿವಿದಳು. "ಗುಬ್ಬಿಗೆ ಕೇಳಿಸಲ್ಲ."

ಅತ್ತೆ ಬಾಯಿ ತೆರೆದಳು. ದೇವರೇ ಎಂದಳು. ಲಾಂಡ್ರಿಯ ಯಂತ್ರಗಳನ್ನೆಲ್ಲ ಮೀರಿ ಕೇಳುತ್ತಿದ್ದ ಆ ಗಂಟಲಿನಿಂದ ಮುಂದಿನ ಪದ ಹೊರಡಲಿಲ್ಲ. ಮತ್ತೊಮ್ಮೆ ದೇವರೇ ಎಂದಳು. ಮಕ್ಕಳು ಕಾದರು. ಅನ್ನದ ಮುಚ್ಚಳ ಟಪಟಪ ಎಂದಿತು.

"ದೇವರೇ, ನಿನಗೊಬ್ಬನಿಗೇ ಗೊತ್ತಿರುವ ಗುಬ್ಬಿ ಕತ್ತಲಲ್ಲಿದೆ."

ಪರದೆಯ ಆಚೆಯಿಂದ ಬಂದ ದನಿ ಅದು. ತೆಳ್ಳಗಿತ್ತು, ಆದರೆ ತಡವರಿಸಲಿಲ್ಲ.

"ಅದಕ್ಕೆ ಬಾಯಿಲ್ಲ, ನಾನೇ ಅದರ ಬಾಯಿ. ಕೈ ಮುಗಿಯೋ, ಮೂಗಲ್ಲೇನು ಬೆರಳು?"

ಮಕ್ಕಳಿಬ್ಬರೂ ಕಿಸಕ್ಕನೆ ನಕ್ಕರು. ಅಮ್ಮ ಥೇಟ್ ಅಜ್ಜಿಯ ಹಾಗೇ ಹೇಳಿದ್ದಳು, ಅದೇ ಜಾಗದಲ್ಲಿ, ಅದೇ ಗದರಿಕೆಯಲ್ಲಿ. ಮೊಮ್ಮಗ ಗಾಬರಿಯಿಂದ ಬೆರಳು ತೆಗೆದು ಕೈ ಮುಗಿದ. ಸೊಸೆ ನಗಲಿಲ್ಲ, ನಿಲ್ಲಿಸಲೂ ಇಲ್ಲ. ಹೊತ್ತವಳ ಕೈಯಿಂದಲೇ ಅದನ್ನು ಕಾಪಾಡು ತಂದೆ ಎಂದಳು. ಆ ತಾಯಿಯ ಕಲ್ಲೆದೆಯನ್ನು ಕರಗಿಸು ಎಂದಳು. ಅತ್ತೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲೇ ಉಸಿರು ತೆಗೆದುಕೊಂಡಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ನಾಳೆಯ ಬೆಳಕಿಗೂ ಗುಬ್ಬಿ ಇರಲಿ ಎಂದು ಹೇಳಿ ಸುಮ್ಮನಾದಳು.

ಮಕ್ಕಳು ಅಜ್ಜಿಯ ಮುಖ ನೋಡಿದರು. ಕೊನೆಯ ಪದ ದಿನಾ ಹೇಳುತ್ತಿದ್ದವಳು ಅವಳು.

"ಆಮೆನ್ ಹೇಳಿ ಅತ್ತೆ," ಪರದೆಯ ಆಚೆಯಿಂದ ಸೊಸೆ ಅಂದಳು. "ಅನ್ನ ಆಗಿದೆ, ಮಕ್ಕಳಿಗೆ ಹಸಿವು."

ಗುಬ್ಬಿಗೆ ಇನ್ನೂ ನಾಲ್ಕು ತಿಂಗಳಿತ್ತು.